‘ಡಾಗ್‌ಟೂತ್’ ಸಿನಿಮಾದ ಅಪ್ಪ ಅಮ್ಮ ಮಕ್ಕಳಿಗೆ ಪದಗಳ ಅರ್ಥ ತಪ್ಪಾಗಿ ಯಾಕೆ ಹೇಳಿಕೊಡುತ್ತಾರೆ?

ಹೊರಗಿನ ಪ್ರಪಂಚದ ಯೋಚನೆಯೇ ಬರಬಾರದು ಅಂತ. ಯೋರ್ಗೋಸ್ ಲ್ಯಾಂತಿಮೋಸ್ ಅವರ ಈ ಗ್ರೀಕ್ ಸಿನಿಮಾದಲ್ಲಿ (2009) ಮೂವರು ಮಕ್ಕಳು ಬೆಳೆದು ದೊಡ್ಡವರಾಗಿದ್ದರೂ ಕಾಂಪೌಂಡ್ ದಾಟಿಲ್ಲ. ಸಮುದ್ರ ಅಂದರೆ ಚರ್ಮದ ಕುರ್ಚಿ, ಹೆದ್ದಾರಿ ಅಂದರೆ ಜೋರು ಗಾಳಿ, ಜಾಂಬಿ ಅಂದರೆ ಪುಟ್ಟ ಹಳದಿ ಹೂವು ಎಂದು ಕಲಿತವರಿಗೆ ಹೊರಗೆ ಹೋಗುವ ಆಸೆಯಾದರೂ ಎಲ್ಲಿಂದ ಹುಟ್ಟಬೇಕು, ಅಲ್ವಾ? ಸಾಲದ್ದಕ್ಕೆ ಬೆಕ್ಕೆಂದರೆ ಭಯಂಕರ ಪ್ರಾಣಿ ಎಂದು ಬೇರೆ ಹೆದರಿಸಿಟ್ಟಿದ್ದಾರೆ. ಕೋರೆಹಲ್ಲು ಬಿದ್ದ ಮೇಲೆ ಮನೆ ಬಿಡಬಹುದು ಎಂಬ ನಿಯಮ; ಆ ವಯಸ್ಸಿನಲ್ಲಿ ಅದು ಸುಮ್ನೆ ಬೀಳುತ್ತದೆಯೇ! ಕೊನೆಗೆ ದೊಡ್ಡ ಮಗಳು ಡಂಬೆಲ್‌ನಿಂದ ಹೊಡೆದು ಹಲ್ಲು ಉದುರಿಸಿಕೊಂಡು, ಅಪ್ಪನ ಕಾರಿನ ಡಿಕ್ಕಿಯಲ್ಲಿ ಅಡಗುತ್ತಾಳೆ. ಅಂದರೆ ಓಡಿಹೋಗುವಾಗಲೂ ಅಪ್ಪ ಹೇಳಿದ ನಿಯಮವನ್ನೇ ಪಾಲಿಸುತ್ತಾಳೆ. ನನಗೆ ಆ ರಕ್ತಕ್ಕಿಂತ ಜಾಸ್ತಿ ಕಾಡಿದ್ದು ಇದೇ. ಡಿಕ್ಕಿ ತೆರೆಯುವುದನ್ನು ಸಿನಿಮಾ ತೋರಿಸುವುದೇ ಇಲ್ಲ.