ಎರೆ ಹೊಲದಲ್ಲಿ ಸಿಕ್ಕ ಪಟ್ಟೆ ಕಲ್ಲು ಯಾವುದು?

ಪ್ರಶ್ನೆ: ಇಂಡಿ ತಾಲ್ಲೂಕಿನ ನಮ್ಮ ಎರೆ ಹೊಲದಲ್ಲಿ ನೇಗಿಲು ಹೊಡೆಯುವಾಗ ಮುಷ್ಟಿಗಾತ್ರದ ಕಲ್ಲೊಂದು ಸಿಕ್ಕಿತು. ಮೇಲೆ ಒರಟು, ಅಲ್ಲಲ್ಲಿ ಹಸಿರು. ಒಡೆದರೆ ಬೂದು-ಬಿಳಿ ಪಟ್ಟೆಗಳು, ನಟ್ಟನಡುವೆ ಕಲ್ಲುಸಕ್ಕರೆಯಂಥ ಹರಳು. ಒಬ್ಬರು ಅಗೇಟ್ ಅಂದರು, ಇನ್ನೊಬ್ಬರು ಜಾಸ್ಪರ್, ಮತ್ತೊಬ್ಬರು ಓನಿಕ್ಸ್. ಯಾವುದು ಸರಿ ಸರ್?

ಉತ್ತರ: ಮೂರೂ ಒಂದೇ ಮನೆತನದ ಕಲ್ಲುಗಳು. ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವಂಥ ಸಣ್ಣ ಹರಳುಗಳಿಂದಾದ ಬೆಣಚುಕಲ್ಲು ಅವು. ನೀವು ಹೇಳಿದ ಲಕ್ಷಣಗಳು ಅಗೇಟ್‌ನವು. ಆದರೂ ಹೆಸರಿಡುವ ಮುನ್ನ ಪರೀಕ್ಷಿಸಿ.

ಕಲ್ಲು ಕೈಗೆ ಬಂದರೆ ನನ್ನ ವಿದ್ಯಾರ್ಥಿಗಳು ಮೊದಲು ಬಣ್ಣ ಬರೆಯುತ್ತಾರೆ. ನಾನು ಅದನ್ನು ಕೊನೆಗೆ ಬರೆಸುತ್ತೇನೆ. ಗುಜರಾತಿನ ಖಂಭಾತ್‌ನಲ್ಲಿ ಮಣಿ ಮಾಡುವವರು ಮಾಸಲು ಕಲ್ಲನ್ನು ಸುಟ್ಟು ಕೆಂಪಾಗಿಸುತ್ತಾರೆ. ಕಲ್ಲಿನೊಳಗಿನ ಕಬ್ಬಿಣದ ಅಂಶ ಬಿಸಿ ತಗುಲಿ ಬದಲಾಗುತ್ತದೆ. ಪೇಟೆಯ ಕಡುಗಪ್ಪು ಓನಿಕ್ಸ್‌ನಲ್ಲಿ ಬಹುಪಾಲು ಬಣ್ಣ ಹಾಕಿದ್ದೇ.

ಮೊದಲು ಚಾಕುವಿನಿಂದ ಗೀರಿ. ಗೀರು ಬಿದ್ದರೆ ಅದು ಅಗೇಟ್ ಅಲ್ಲ, ಸುಣ್ಣದಕಲ್ಲಿನಲ್ಲಿರುವ ಮೆದು ಖನಿಜ ಕ್ಯಾಲ್ಸೈಟ್ ಇರಬಹುದು. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಅಗೇಟ್‌ನದು 6.5ರಿಂದ 7, ಗಾಜನ್ನೇ ಗೀರುತ್ತದೆ. ಒಡೆದ ಮೈ ಚಿಪ್ಪಿನಂತೆ ಬಾಗಿ, ಮೇಣ ಸವರಿದ ಹಾಗೆ ಹೊಳೆಯಬೇಕು. ಆಮೇಲೆ ತೆಳುವಾದ ಅಂಚಿಗೆ ಟಾರ್ಚ್ ಹಿಡಿಯಿರಿ. ಬೆಳಕು ಹಾಯದಿದ್ದರೆ ಜಾಸ್ಪರ್. ಅದರಲ್ಲಿ ಕಬ್ಬಿಣದ ಆಕ್ಸೈಡ್, ಜೇಡಿಯಂಥ ಕಲಬೆರಕೆ ಹೆಚ್ಚು. ಬೆಳಕು ಹಾಯ್ದು ಪಟ್ಟೆ ಇಲ್ಲದಿದ್ದರೆ ಅದೇ ಮನೆತನದ ಕ್ಯಾಲ್ಸೆಡನಿ. ಬೆಳಕೂ ಹಾಯ್ದು ಪಟ್ಟೆಯೂ ಇದ್ದರೆ ಅಗೇಟ್. ಪಟ್ಟೆಗಳು ಹಾಸಿಟ್ಟ ಹಾಗೆ ನೇರವಾಗಿ, ಕಪ್ಪು-ಬಿಳಿಯಾಗಿ ಇದ್ದರೆ ಮಾತ್ರ ಓನಿಕ್ಸ್.

ನಿಮ್ಮ ಕಡೆಯ ನೆಲವೂ ಅಗೇಟ್ ಪರವೇ ಸಾಕ್ಷಿ ಹೇಳುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್‌ನಲ್ಲಿ ಹರಿದ ಲಾವಾ ಆರುವಾಗ ಅದರೊಳಗಿನ ಅನಿಲ ಗುಳ್ಳೆಗಳು ಪೊಳ್ಳಾಗಿ ಉಳಿದವು. ಬೆಣಚುಕಲ್ಲಿನ ಮೂಲವಸ್ತುವಾದ ಸಿಲಿಕಾ ಕರಗಿದ್ದ ನೀರು ಅಲ್ಲಿಗೆ ಇಳಿದು, ಗೋಡೆಯಿಂದ ಒಳಮುಖವಾಗಿ ಪದರದ ಮೇಲೆ ಪದರ ಕಟ್ಟಿತು. ಜಾಗ ಉಳಿದ ನಡುಭಾಗದಲ್ಲಿ ಹರಳು ದೊಡ್ಡದಾಗಿ ಬೆಳೆಯಿತು, ನೀವು ಕಂಡ ಕಲ್ಲುಸಕ್ಕರೆ ಅದೇ. ಹೀಗೆ ತುಂಬಿದ ಗುಳ್ಳೆಯನ್ನು ಅಮಿಗ್ಡೇಲ್ ಎನ್ನುತ್ತೇವೆ. ಗ್ರೀಕ್‌ನಲ್ಲಿ ಹಾಗೆಂದರೆ ಬಾದಾಮಿ ಬೀಜ. ಲಾವಾ ಶಿಲೆ ಕೊಳೆತು ಎರೆಮಣ್ಣಾಯಿತು. ಸಿಲಿಕಾ ಅಷ್ಟು ಸುಲಭಕ್ಕೆ ಕೊಳೆಯುವುದಿಲ್ಲ, ಹಾಗಾಗಿ ಕಲ್ಲು ನಿಮ್ಮ ನೇಗಿಲಿಗೆ ಸಿಕ್ಕಿತು.

ಇಂಥ ಬಿಡಿ ಕಲ್ಲಿಗೆ ಪೇಟೆಯಲ್ಲಿ ದೊಡ್ಡ ಬೆಲೆಯೇನೂ ಬರದು. ಮಾರುವ ಯೋಚನೆ ಬಿಟ್ಟು ಇಟ್ಟುಕೊಳ್ಳಿ, ಜೊತೆಗೊಂದು ಚೀಟಿಯೂ ಇರಲಿ. ನಾನಾದರೆ ಹೀಗೆ ಬರೆಯುತ್ತಿದ್ದೆ: ‘ಎರೆಮಣ್ಣಿನಲ್ಲಿ ಬಿಡಿಯಾಗಿ ಸಿಕ್ಕ ಗಂಟು, ಮುಷ್ಟಿಗಾತ್ರ, ಹೊರಮೈ ಒರಟು, ಅಲ್ಲಲ್ಲಿ ಹಸಿರು, ಗೋಡೆಗುಂಟ ಸಾಗುವ ಪಟ್ಟೆ, ನಡುವೆ ಬೆಣಚು ಹರಳು, ಬಣ್ಣ ಬೂದು-ಬಿಳಿ.’ ಚಾಕು, ಟಾರ್ಚ್ ಪರೀಕ್ಷೆಯ ಫಲ ಸೇರಿಸಿ, ಹೊಲದ ಸರ್ವೆ ನಂಬರ್, ಸಿಕ್ಕ ದಿನ ಬರೆಯಿರಿ. ಅಗೇಟ್ ಎಂಬ ಹೆಸರು ಅದರ ಕೆಳಗೆ ಬರಲಿ.