ಕೇಳಿದ್ದಕ್ಕೆ ಹೇಳಿದ್ದು: ಏಳದ ಕಟ್ಟಡ, ಬಾರದ ಹಳಿ

ಪ್ರಶ್ನೆ: ಆಕಾಶಕ್ಕೆ ಏಣಿ ಹಾಕಿದಂಥ ಕಟ್ಟಡಗಳ ಚಿತ್ರ ಪೇಪರಿನಲ್ಲಿ ಬರುತ್ತದೆ, ಆಮೇಲೆ ಸುದ್ದಿಯೇ ಇಲ್ಲ. ನಕ್ಷೆಯಲ್ಲೇ ಉಳಿದುಹೋದರೆ ಯಾರಿಗೇನು ನಷ್ಟ? (ಓದುಗರು, ಶಿರಸಿ)

ಉತ್ತರ: ಲೋಕೋಪಯೋಗಿ ಇಲಾಖೆಯಲ್ಲಿ ಸೈಟು ಕಾಯ್ದು ನಿವೃತ್ತನಾದವನು ನಾನು. ದೊಡ್ಡ ನಕ್ಷೆ ಕಂಡರೆ ‘ಇದಕ್ಕಾಗಿ ಏನನ್ನು ಕೆಡವುತ್ತೀರಿ?’ ಎಂದು ಮೊದಲು ಕೇಳುವ ಚಟ. ಮಾಸ್ಕೋದ ಕಥೆ ಕೇಳಿ. ಸ್ಟಾಲಿನ್ ಕಾಲದಲ್ಲಿ ‘ಸೋವಿಯತ್ ಅರಮನೆ’ ಎಂಬ ಸರ್ಕಾರಿ ಸಭಾಭವನಕ್ಕೆ ಜಾಗ ಬೇಕೆಂದು 1931ರ ಡಿಸೆಂಬರಿನಲ್ಲಿ ಅಲ್ಲಿಯ ಮಹಾ ಚರ್ಚನ್ನು ಮದ್ದಿಟ್ಟು ಉರುಳಿಸಿದರು. ಬೋರಿಸ್ ಇಯೋಫಾನ್ ಬರೆದ ನಕ್ಷೆಯ ಎತ್ತರ 415 ಮೀಟರ್, ನೆತ್ತಿಯ ಮೇಲೆ ಲೆನಿನ್ ಪ್ರತಿಮೆ. ಆಗ ಲೋಕದಲ್ಲೇ ಎತ್ತರದ ಎಂಪೈರ್ ಸ್ಟೇಟ್ ಕಟ್ಟಡ 381 ಮೀಟರ್. ಹಟ ಯಾರ ಮೇಲೆಂದು ಗೊತ್ತಾಯಿತಲ್ಲ! ಅಡಿಪಾಯ ಮುಗಿದು ಉಕ್ಕಿನ ಕಂಬಗಳು ಏಳುತ್ತಿದ್ದಾಗ, 1941ರಲ್ಲಿ ಜರ್ಮನರು ನುಗ್ಗಿದರು. ಉಕ್ಕೆಲ್ಲ ಕಳಚಿ ಸೇತುವೆಗೆ, ಯುದ್ಧದ ಕೆಲಸಕ್ಕೆ ಹೋಯಿತು. ಉಳಿದದ್ದು ಗುಂಡಿ. 1960ರಲ್ಲಿ ಅದೇ ಬಯಲು ಈಜುಕೊಳವಾಯಿತು, ಚಳಿಗಾಲಕ್ಕೆ ನೀರು ಕಾಯಿಸುವ ವ್ಯವಸ್ಥೆ ಸಮೇತ. ಕೊನೆಗೆ ಅದನ್ನೂ ತೆಗೆದು, ಹಳೇ ಚರ್ಚನ್ನೇ ಹೊಸದಾಗಿ ಕಟ್ಟಿ 2000ದಲ್ಲಿ ಪ್ರತಿಷ್ಠೆ ಮಾಡಿದರು. ಬರೀ ಕಾಗದದ ನಷ್ಟ ಅನ್ನುತ್ತೀರಾ?

ಪ್ರಶ್ನೆ: ನಮ್ಮ ಕಡೆ ಇಂಥದ್ದಿಲ್ಲವೇ? (ಓದುಗರು, ಕುಮಟಾ)

ಉತ್ತರ: ಇದೆ, ನಿಮ್ಮೂರಿಗೇ ಸಂಬಂಧಪಟ್ಟದ್ದು. ಧಾರವಾಡ ಸೀಮೆಯ ಹತ್ತಿ ನಿಮ್ಮ ಬಂದರಿನಿಂದ ಹಡಗು ಹತ್ತುತ್ತಿತ್ತು; ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡು ಮ್ಯಾಂಚೆಸ್ಟರ್ ಗಿರಣಿಗಳಿಗೆ ಹತ್ತಿ ಇಲ್ಲದಾಯಿತು. ಗಿರಣಿಯವರ ಕಣ್ಣು ಕಾರವಾರದ ಮೇಲೆ ಬಿತ್ತು: ಇಲ್ಲಿ ದೊಡ್ಡ ಬಂದರು, ಘಟ್ಟದ ಮೇಲಿನ ಹತ್ತಿ ಸೀಮೆಯಿಂದ ನೇರ ರೈಲು. ಆ ಹುರುಪಿನಲ್ಲೇ 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು. 1880ರ ದಶಕದಲ್ಲಿ ಘಟ್ಟ ಇಳಿದ ಹಳಿ ಹೋದದ್ದು ಗೋವೆಯ ಮುರ್ಮಗೋವಾ ಬಂದರಿಗೆ. ಕಾರವಾರಕ್ಕೆ ಬರಲಿಲ್ಲ, ಕುಮಟಾದ ವ್ಯಾಪಾರಕ್ಕೂ ಪೆಟ್ಟು ಬಿತ್ತು. ಪ್ರಾಂತ ಬದಲಾದದ್ದು ಮಾತ್ರ ಹಾಗೇ ಉಳಿದು, 1956ರವರೆಗೆ ನಮ್ಮ ಜಿಲ್ಲೆಯ ಕಡತಗಳೆಲ್ಲ ಮುಂಬಯಿಗೇ ಹೋಗುತ್ತಿದ್ದವು. ವರ್ಷಗಟ್ಟಲೆಯಿಂದ ನಕ್ಷೆಯಲ್ಲೇ ಇರುವ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ಬಗ್ಗೆ ಬಂದ ಪತ್ರಗಳಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ. ಅಷ್ಟರೊಳಗೆ ರೈಲು ಬಂದುಬಿಡುವ ಭಯವಂತೂ ನನಗಿಲ್ಲ.