850 ಮೆಗಾಪಾಸ್ಕಲ್‌ನ ತೊಡಕು

ಮಾನ್ಯರೇ,

ಸಿಲಿಕಾನ್ ಕಾರ್ಬೈಡ್ ಕಣಗಳನ್ನು ಬೆರೆಸಿದ ಅಲ್ಯೂಮಿನಿಯಮ್ ಕಾಂಪೊಸಿಟ್ ತಣಿದ ಮೇಲೆ ಅದರೊಳಗೆ ಉಳಿದುಬಿಡುವ ಒತ್ತಡವನ್ನು ಲೆಕ್ಕಹಾಕುವ ಕುರಿತ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ, ಕೈಬಿಡುವ ಮನಸ್ಸೂ ಇಲ್ಲ.

ಆರಂಭ ಸೊಗಸಾಗಿದೆ. ಒಂದು ಡಿಗ್ರಿ ತಣಿದರೆ ಅಲ್ಯೂಮಿನಿಯಮ್ ಮೀಟರಿಗೆ ಸುಮಾರು 23 ಮೈಕ್ರೊಮೀಟರ್, ಸಿಲಿಕಾನ್ ಕಾರ್ಬೈಡ್ ಸುಮಾರು 4 ಮೈಕ್ರೊಮೀಟರ್ ಕುಗ್ಗುತ್ತವೆ. 500 ಡಿಗ್ರಿ ಇಳಿಯುವಷ್ಟರಲ್ಲಿ ಈ ಅಂತರ ಶೇ. 0.95 ಆಗಿ, ಹೆಚ್ಚು ಕುಗ್ಗುವ ಲೋಹ ಕಣವನ್ನು ಅದುಮುತ್ತದೆ ಎಂದು ಸರಳವಾಗಿ ತೋರಿಸಿದ್ದೀರಿ. ತೊಡಕಿರುವುದು ಮುಂದಿನ ಪುಟದಲ್ಲಿ. ಎರಡೂ ವಸ್ತುಗಳು ಎಷ್ಟೇ ಎಳೆದರೂ ಸ್ಪ್ರಿಂಗಿನಂತೆ ಹಿಂದಿರುಗುತ್ತವೆಂದು ಭಾವಿಸಿ, ಒಂಟಿ ಗೋಲಕಣದ ಮೇಲೆ 850 ಮೆಗಾಪಾಸ್ಕಲ್ ಒತ್ತಡ ಬೀಳುತ್ತದೆಂದು ಬರೆದು ಮುಂದೆ ಸಾಗಿದ್ದೀರಿ. ಗುಣಾಕಾರ, ಭಾಗಾಕಾರದಲ್ಲಿ ತಪ್ಪಿಲ್ಲ. ನಾನೂ ಮಾಡಿ ನೋಡಿದೆ. ಆದರೆ ಹಾಗಾದಲ್ಲಿ ಕಣಕ್ಕೆ ಅಂಟಿದ ಲೋಹದಲ್ಲಿ, ಕಣದತ್ತ ನೇರವಾಗಿರುವ ಒತ್ತಡಕ್ಕೂ ಅದನ್ನು ಸುತ್ತುವರಿದ ಎಳೆತಕ್ಕೂ ನಡುವಿನ ವ್ಯತ್ಯಾಸ ಆ 850ರ ಒಂದೂವರೆ ಪಟ್ಟು, ಅಂದರೆ ಸುಮಾರು 1,275 ಮೆಗಾಪಾಸ್ಕಲ್ ಆಗಬೇಕು. ನೀವು ಆರಿಸಿಕೊಂಡ ಮೃದು ಅಲ್ಯೂಮಿನಿಯಮ್ 100 ಮೆಗಾಪಾಸ್ಕಲ್ ಮುಟ್ಟುವ ಮೊದಲೇ ಮಣಿದು ಶಾಶ್ವತವಾಗಿ ರೂಪ ಬದಲಿಸುತ್ತದೆ. ಕಣದ ಸುತ್ತ ಮೊದಲು ಮಣಿಯುವ ಆ ಪದರ ತಣಿದಂತೆಲ್ಲ ಹೊರಕ್ಕೆ ಹರಡುತ್ತದೆ. ಇನ್ನೂ ಕಾದಿರುವಾಗಲಂತೂ ಲೋಹ ನಿಧಾನವಾಗಿ ಹರಿದು ಒತ್ತಡವನ್ನು ತಾನೇ ಸಡಿಲಿಸಿಕೊಳ್ಳುವುದರಿಂದ, 500 ಡಿಗ್ರಿಯಷ್ಟನ್ನೂ ಲೆಕ್ಕಕ್ಕೆ ಹಿಡಿಯುವುದು ಸಲ್ಲದು. ಲೇಖನದ ಜೀವ ಇರುವುದೇ ಇಲ್ಲಿ, ನೀವು ಇದಕ್ಕೆ ಒಂದು ವಾಕ್ಯವನ್ನೂ ಕೊಟ್ಟಿಲ್ಲ. ಬೇರೆ ವಸ್ತುವಿನೊಳಗೆ ಹುದುಗಿದ ಕಣದ ಒತ್ತಡವನ್ನು ಲೆಕ್ಕಹಾಕಲು ಎಶೆಲ್ಬಿಯವರು 1957ರಲ್ಲಿ ಕೊಟ್ಟ ಗಣಿತದ ಪರಿಹಾರಕ್ಕಂತೂ ಮೂರು ಪ್ಯಾರಾ ಮೀಸಲಿಟ್ಟಿದ್ದೀರಿ!

ಕೋಷ್ಟಕವನ್ನೂ ತಿದ್ದಬೇಕು. ಹೊರಗಿನಿಂದ ಯಾವ ಬಲವೂ ಇಲ್ಲದಾಗ ಇಡೀ ವಸ್ತುವಿನ ಸರಾಸರಿ ಒತ್ತಡ ಸೊನ್ನೆಯಾಗಲೇಬೇಕು. ಗಾತ್ರದಲ್ಲಿ ಶೇ. 20ರಷ್ಟಿರುವ ಕಣಗಳು ಸರಾಸರಿ 300 ಮೆಗಾಪಾಸ್ಕಲ್ ಒತ್ತಿಸಿಕೊಂಡಿದ್ದರೆ ಲೋಹದಲ್ಲಿ ಸರಾಸರಿ 75 ಮೆಗಾಪಾಸ್ಕಲ್ ಎಳೆತವಿರಬೇಕು. ನೀವು 120 ಎಂದು ಬರೆದಿದ್ದೀರಿ.

ಭಾಷೆಯ ಬಗ್ಗೆ ಒಂದೇ ಮಾತು. ಎಲ್ಲೆಡೆಯೂ ‘ಒತ್ತಡ’ ಎಂದೇ ಬರೆದರೆ ಓದುಗರ ಕಣ್ಣ ಮುಂದೆ ಬರುವುದು ಅದುಮುವ ಚಿತ್ರ. ಆದರೆ ಲೋಹದ ಸರಾಸರಿ ಸ್ಥಿತಿ ಅದಕ್ಕೆ ತದ್ವಿರುದ್ಧ. ಅಲ್ಲಿ ‘ಎಳೆತ’ ಎಂದೇ ಬರೆಯಿರಿ.

ಸಾಮಾನ್ಯ ಪ್ರಯೋಗಾಲಯದ ಎಕ್ಸ್‌-ರೇ ಅಳತೆಯೊಂದಿಗಿನ ಹೋಲಿಕೆಯನ್ನು ಬಿಡಬಹುದು. ಅದು ನೋಡುವುದು ಮೇಲ್ಮೈಯ ಹತ್ತಾರು ಮೈಕ್ರೊಮೀಟರ್ ಆಳವನ್ನು ಮಾತ್ರ. ಒಳಗಿನ ಸ್ಥಿತಿಗೆ ನ್ಯೂಟ್ರಾನ್ ವಿವರ್ತನೆಯಂಥ (ಆಳಕ್ಕಿಳಿಯುವ ನ್ಯೂಟ್ರಾನ್ ಕಿರಣದಿಂದ ಪರಮಾಣುಗಳ ಸಾಲುಗಳ ಅಂತರ ಅಳೆಯುವ) ವಿಧಾನ ಬೇಕು.

ಲೋಹ ಮಣಿಯುವುದನ್ನು ಸೇರಿಸಿ ಲೆಕ್ಕವನ್ನು ಹೊಸದಾಗಿ ಮಾಡಿ, ಆ ಪುಟವನ್ನು ಮೊದಲು ಕಳುಹಿಸಿ. ಉಳಿದುದನ್ನು ಆಮೇಲೆ ನೋಡೋಣ.

ಇಂತಿ,
ಸಂಪಾದಕ